ಎಲ್ಲರಿಗೂ 120/80

ಆರೋಗ್ಯ ದಾಖಲೆಗಳನ್ನು ಬ್ಲಾಕ್‌ಚೈನ್‌ಗೆ, ಅಂದರೆ ನಮೂದುಗಳನ್ನು ಸರಪಳಿಯಂತೆ ಒಂದಕ್ಕೊಂದು ಬೆಸೆದು ಹಲವು ಗಣಕಯಂತ್ರಗಳಲ್ಲಿ ಪ್ರತಿ ಇಡುವ ಖಾತೆ ಪುಸ್ತಕಕ್ಕೆ, ಏರಿಸಿಬಿಟ್ಟರೆ ಅವುಗಳನ್ನು ಬ್ರಹ್ಮನೂ ತಿದ್ದಲಾರ ಎಂಬ ಭಾಷಣದ ವರದಿಯನ್ನು ನೀವೂ ಓದಿರುತ್ತೀರಿ. ನಾನು ಅದನ್ನು ಓದಿದ್ದು ವಿಜಯಪುರದ ಒಂದು ದವಾಖಾನೆಯಲ್ಲಿ, ಕೇಸ್ ಪೇಪರ್ ಮಾಡಿಸುವ ಸಾಲಿನಲ್ಲಿ ನಿಂತು. ಸರ್ವರ್ ಡೌನ್ ಆಗಿದ್ದರಿಂದ ಸಾಲು ನಲವತ್ತು ನಿಮಿಷಗಳಿಂದ ಅಲುಗಿರಲಿಲ್ಲ. ಬ್ರಹ್ಮನು ತಿದ್ದದಿರುವ ಮೊದಲು ಗುಮಾಸ್ತನು ಬರೆಯಬೇಕಲ್ಲ ಎಂಬ ಸಣ್ಣ ವಿಷಯ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ.

ತಿದ್ದಲಾಗದ ದಾಖಲೆ ಎಂದೊಡನೆ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ನಮ್ಮಲ್ಲಿ ಊರಿನ ಹೆಸರೇ 2014ರ ನವೆಂಬರ್ 1ರಂದು ಬದಲಾಗಿದೆ, ಮನುಷ್ಯರ ಪಾಡೇನು? ಆಧಾರ್‌ನಲ್ಲಿ ಮಲ್ಲಪ್ಪನಾದವನು ರೇಷನ್ ಕಾರ್ಡಿನಲ್ಲಿ ಮಲ್ಲಿಕಾರ್ಜುನನಾಗಿ, ದವಾಖಾನೆಯ ಚೀಟಿಯಲ್ಲಿ ಮಲ್ಲಮ್ಮನಾಗಿರುತ್ತಾನೆ. ಇಂದು ಆ ‘ಮ್ಮ’ವನ್ನು ಪೆನ್ನಿನಿಂದ ಗೀಚಿ ‘ಪ್ಪ’ ಮಾಡಿಕೊಡುವ ಪುಣ್ಯಾತ್ಮರಿದ್ದಾರೆ. ಬ್ಲಾಕ್‌ಚೈನ್‌ನಲ್ಲಿ ಹಳೆಯ ನಮೂದು ಅಳಿಯುವುದಿಲ್ಲ, ಅದರ ಮುಂದೆ ಹೊಸದೊಂದು ಸೇರುತ್ತದೆ, ಅಷ್ಟೆ. ಆದುದರಿಂದ ಮಲ್ಲಮ್ಮನು ಮುಂದೆ ಗಂಡಸಾದನೆಂಬ ಚರಿತ್ರೆ ಆಚಂದ್ರಾರ್ಕ ಉಳಿಯುತ್ತದೆ. ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರ ಸೇರಿ ಕಾಲು ಶತಮಾನವಾಗುತ್ತ ಬಂದರೂ ಅಜ್ಜನ ಹೆಸರಿನ ಒಂದು ಅಕ್ಷರಕ್ಕಾಗಿ ತಹಶೀಲ್ದಾರರ ಕಚೇರಿಯ ಮೆಟ್ಟಿಲು ಸವೆಸುವವರು ಇಂದಿಗೂ ಇದ್ದಾರೆ. ಅಲ್ಲಿ ಸವೆಸಲು ಮೆಟ್ಟಿಲಾದರೂ ಇದೆ.

ದಾಖಲೆಯ ಕೀಲಿಕೈ ರೋಗಿಯ ಬಳಿಯೇ ಇರುತ್ತದಂತೆ. ನಮ್ಮ ಅಮ್ಮಂದಿರು ತಿಜೋರಿಯ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುಕಿದವರು, ಅದು ಕಳೆದರೆ ಕೀಲಿ ರಿಪೇರಿಯವನನ್ನು ಕರೆಸಿದವರು. ಈ ಕೀಲಿಕೈ ಮಾತ್ರ ಅಕ್ಷರ ಅಂಕೆಗಳ ಉದ್ದನೆಯ ಸರ. ಕಳೆದರೆ ಕರೆಸಲು ಯಾರೂ ಇಲ್ಲ.

ತಜ್ಞರನ್ನು ಸ್ವಲ್ಪ ಒತ್ತಾಯಿಸಿ ಕೇಳಿದರೆ, ನಿಮ್ಮ ಎಂಆರ್‌ಐ ಚಿತ್ರ ಸರಪಳಿಯೊಳಗೆ ಹೋಗುವುದೇ ಇಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತಾರೆ. ಅಷ್ಟು ದೊಡ್ಡ ಕಡತವನ್ನು ಅದು ಹೊರಲಾರದು. ಚಿತ್ರ ದವಾಖಾನೆಯ ಸರ್ವರ್‌ನಲ್ಲಿಯೇ ಇರುತ್ತದೆ. ಸರಪಳಿಯಲ್ಲಿ ಇರುವುದು ಅದರ ಹ್ಯಾಶ್, ಅಂದರೆ ಸಾಮಾನ್ಯವಾಗಿ 64 ಅಕ್ಷರಗಳ ಒಂದು ಬೆರಳಚ್ಚು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳಿಗೆ, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ರಾನ್ಸಮ್‌ವೇರ್ ಬಡಿದಾಗ ಅಷ್ಟು ದೊಡ್ಡ ಆಸ್ಪತ್ರೆಯೇ ದಿನಗಟ್ಟಲೆ ಪೆನ್ನು ಕಾಗದಕ್ಕೆ ಮರಳಿತ್ತು. ಅಂದು ಬ್ಲಾಕ್‌ಚೈನ್ ಇದ್ದಿದ್ದರೆ ಕುದುರೆ ಕಳವಾದರೂ ಲಾಳದ ಗುರುತಿಗೆ ಸ್ವಲ್ಪವೂ ಧಕ್ಕೆಯಾಗಿಲ್ಲವೆಂದು ಗಣಿತದ ಸಮೇತ ಸಾಬೀತುಪಡಿಸಬಹುದಿತ್ತು.

ಅಷ್ಟಕ್ಕೂ ವಿಜಯಪುರದವರಿಗೆ ಈ ತಂತ್ರಜ್ಞಾನ ಹೊಸದೇನಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲೆ ನಿಂತಿರುವ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ, ಒಂದು ಕಡೆ ಗೋಡೆಗೆ ಬಾಯಿಟ್ಟು ಹೇಳಿದ್ದು ಎದುರು ಬದಿಯವನ ಕಿವಿಗೆ ತಲುಪುತ್ತದೆ. ಒಂದು ಚಪ್ಪಾಳೆಯ ಏಳು ಪ್ರತಿಗಳನ್ನು ಗೈಡುಗಳು ಎಣಿಸಿ ತೋರಿಸುತ್ತಾರೆ. ಒಮ್ಮೆ ಬಾಯಿಂದ ಹೊರಟದ್ದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಅಲ್ಲಿಯೂ ಇಲ್ಲ. ರಜೆಯ ದಿನ ಮೇಲೆ ಹೋದರೆ ಶಾಲಾ ಪ್ರವಾಸದ ಇನ್ನೂರು ಮಕ್ಕಳು ಏಕಕಾಲಕ್ಕೆ ಕೂಗುತ್ತಿರುತ್ತಾರೆ. ಪ್ರತಿ ಕೂಗೂ ನಿಷ್ಠೆಯಿಂದ ಮರುದನಿಸುತ್ತದೆ, ಯಾವುದೂ ಯಾರಿಗೂ ಅರ್ಥವಾಗುವುದಿಲ್ಲ. ವೈಯಕ್ತಿಕ ಮಾಹಿತಿಯನ್ನು ಅಳಿಸಿರೆಂದು ಕೇಳುವ ಹಕ್ಕನ್ನು 2023ರ ಕಾಯಿದೆ ನಮಗೆ ಕೊಟ್ಟಿದೆಯಲ್ಲ, ಅದನ್ನು ಒಮ್ಮೆ ಈ ಗ್ಯಾಲರಿಯಲ್ಲಿ ನಿಂತು ಗಟ್ಟಿಯಾಗಿ ಓದಬೇಕು.

ಯುರೋಪಿನ ಎಸ್ಟೋನಿಯಾದಲ್ಲಿ ಆರೋಗ್ಯ ದಾಖಲೆಗೆ ಬ್ಲಾಕ್‌ಚೈನ್ ನಡೆಯುತ್ತಿದೆಯಲ್ಲ ಎನ್ನುತ್ತಾರೆ. ನಡೆಯುತ್ತಿದೆ, ತನ್ನ ದಾಖಲೆಯನ್ನು ಯಾರು ತೆರೆದು ನೋಡಿದರೆಂಬುದನ್ನು ಅಲ್ಲಿನ ರೋಗಿಯು ನೋಡಬಲ್ಲ, ಒಳ್ಳೆಯದೇ. ಆ ದೇಶದ ಜನಸಂಖ್ಯೆ 13 ಲಕ್ಷ ಚಿಲ್ಲರೆ. 2011ರ ಜನಗಣತಿಯಲ್ಲಿಯೇ ನಮ್ಮ ಜಿಲ್ಲೆಯದು 21 ಲಕ್ಷ ದಾಟಿತ್ತು. ಇಲ್ಲಿ ರೋಗಿಯ ದಾಖಲೆಯನ್ನು ಡಾಕ್ಟರರು ಒಮ್ಮೆ ನೋಡಿದರೆ ಸಾಕಾಗಿದೆ.

ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಐವರ ಚೀಟಿಗಳಲ್ಲಿಯೂ ರಕ್ತದೊತ್ತಡ 120/80 ಎಂದೇ ಬರೆದಿತ್ತು. ಯಾರ ತೋಳಿಗೂ ಪಟ್ಟಿ ಸುತ್ತಿದ್ದನ್ನು ನಾನು ಕಾಣಲಿಲ್ಲ. ಬ್ಲಾಕ್‌ಚೈನ್ ಆಣೆ ಮಾಡುವುದು ಬರೆದದ್ದು ಬದಲಾಗಿಲ್ಲ ಎಂದು ಮಾತ್ರ, ಬರೆದದ್ದು ನಿಜವೆಂದಲ್ಲ. ಇನ್ನು ದವಾಖಾನೆಗಳು ದಾಖಲೆಯನ್ನು ತಮ್ಮೊಳಗೆ ಹಂಚಿಕೊಳ್ಳಬಹುದೆಂಬ ಮಾತು. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಸೊಲ್ಲಾಪುರಕ್ಕೋ ಮಿರಜಿಗೋ ಹೋದ ರೋಗಿಗೆ ಪ್ರತಿ ಬಾಗಿಲಲ್ಲಿಯೂ ಅದೇ ರಕ್ತವನ್ನು ಮತ್ತೆ ತೆಗೆಯುವುದು ಹಿಂದಿನ ವರದಿ ಸಿಗದೆಯೇ? ಅದು ಅವನ ಕೈಯಲ್ಲಿಯೇ ಇರುತ್ತದೆ, ಅವನು ಚಾಚಿ ತೋರಿಸುತ್ತಿರುತ್ತಾನೆ. ‘ಅದು ನಡೆಯೋದಿಲ್ರಿ, ನಮ್ಮ ಲ್ಯಾಬಿನಾಗ ಮಾಡಸ್ರಿ’ ಎನ್ನುವುದು ತಂತ್ರಜ್ಞಾನದ ಕೊರತೆಯಲ್ಲ, ದುಡ್ಡು. ಎತ್ತು ಮಾರಿ ಬಂದವನ ಮುಂದೆ ನಿಂತು ಗೂಢಲಿಪಿಯ ಭದ್ರತೆಯ ಬಗ್ಗೆ ಭಾಷಣ ಮಾಡಲು ನಾಚಿಕೆಯಾದರೂ ಆಗಬೇಕು.

ಹನ್ನೊಂದೂವರೆಗೆ ಸರ್ವರ್ ಬರುವುದಿಲ್ಲವೆಂದು ಖಚಿತವಾಯಿತು. ಗುಮಾಸ್ತರು ಹಳೆಯ ರಿಜಿಸ್ಟರನ್ನು ತೆಗೆದು, ಅಡ್ಡಗೆರೆ ಎಳೆದು, ಒಬ್ಬೊಬ್ಬರನ್ನೇ ಕೂಗತೊಡಗಿದರು. ಒಳಗೆ ಡಾಕ್ಟರರು, ನನ್ನ ಮುಂದಿದ್ದ ಮುದುಕ ಜವಳಿ ಅಂಗಡಿಯ ಕ್ಯಾರಿಬ್ಯಾಗಿನಿಂದ ತೆಗೆದುಕೊಟ್ಟ ನಾಲ್ಕು ವರ್ಷದ ಹಿಂದಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಈಗ ಕೆಮ್ಮು ಹ್ಯಾಂಗದ ಕಾಕಾ?’ ಎಂದು ಕೇಳಿದರು.