ಬಂದರಿನ ಬೇಲಿಯೊಳಗೊಂದು ಬೆಲೆ, ಹೊರಗೊಂದು ಬೆಲೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಚಳಿಗಾಲದ ರಜೆ ಬಂತೆಂದರೆ ಲಾಸ್ ಏಂಜಲೀಸ್‌ನಿಂದಲೋ ಲಾಂಗ್ ಬೀಚ್‌ನಿಂದಲೋ ಕ್ರೂಸ್ ಹಡಗು ಹತ್ತಿ ಮೆಕ್ಸಿಕೊದ ಕಾಬೊ ಸ್ಯಾನ್ ಲೂಕಸ್, ಮಜಟ್ಲಾನ್, ಪುಯೆರ್ಟೊ ವಯಾರ್ಟಾ ಊರುಗಳನ್ನು ನೋಡಿ ಬರುತ್ತಾರೆ. ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರನ್ನೂ ಹೆಚ್ಚು ನಡೆಸದೆ ಕರೆದೊಯ್ಯಬಹುದಾದ ಪ್ರವಾಸವಿದು. ಹೊರಡುವ ಮುನ್ನ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಅಲ್ಲಿನ ಅಂಗಡಿಯವರು ಹೇಳಿದ ಬೆಲೆಯ ಅರ್ಧಕ್ಕೆ ಕೇಳಬೇಕೋ, ಕಾಲು ಭಾಗಕ್ಕೆ ಕೇಳಬೇಕೋ? ಚೌಕಾಸಿಯಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಹೆಮ್ಮೆಯೂ ಆ ಪ್ರಶ್ನೆಯ ಜೊತೆಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯೇ ಸರಿಯಾಗಿಲ್ಲ. ಈ ಬಂದರುಗಳಲ್ಲಿ ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ನೀವು ನಿಂತಿರುವ ಜಾಗ. ಬಂದರಿನ ಬೇಲಿಯೊಳಗೆ ನಿಂತು ಮಾಡುವ ಎಂಥ ಚತುರ ಚೌಕಾಸಿಗಿಂತಲೂ ಆ ಬೇಲಿಯನ್ನು ದಾಟಿ ನೂರು ಹೆಜ್ಜೆ ನಡೆಯುವುದು ಹೆಚ್ಚು ಲಾಭದಾಯಕ.

ಪುಯೆರ್ಟೊ ವಯಾರ್ಟಾ ಇದಕ್ಕೆ ಅತ್ಯುತ್ತಮ ಉದಾಹರಣೆ. ಹಡಗಿನಿಂದ ಇಳಿದೊಡನೆ ಸಿಗುವ ಟ್ಯಾಕ್ಸಿಗಳು ಬಂದರಿನ ಆವರಣದೊಳಗೆ ನಿಲ್ಲಲು ಅನುಮತಿ ಪಡೆದವು, ಹೊರಗಿನ ಹೆದ್ದಾರಿಯಲ್ಲಿ ಓಡುವ ಊರಿನ ಟ್ಯಾಕ್ಸಿಗಳೇ ಬೇರೆ. ಗೇಟು ದಾಟಿದರೆ ರಸ್ತೆಯ ಆಚೆ ಬದಿಯಲ್ಲೇ ವಾಲ್‌ಮಾರ್ಟ್ ಮತ್ತು ದೊಡ್ಡ ಮಾಲ್ ಕಾಣುತ್ತವೆ. ಅಲ್ಲಿಂದ ಹಳೆಯ ಊರಿನ ಕಡೆಗೆ 'ಸೆಂತ್ರೊ' (ಊರ ನಡು) ಎಂದು ಹಣೆಯ ಮೇಲೆ ಬರೆದುಕೊಂಡ ಬಸ್ಸುಗಳು ಕೆಲವೇ ಪೆಸೊಗಳಿಗೆ ಕರೆದೊಯ್ಯುತ್ತವೆ. ಬಸ್ಸು ಬೇಡವೆನ್ನುವವರಿಗೆ ಹೊರಗಿನ ಟ್ಯಾಕ್ಸಿ ಒಳಗಿನದಕ್ಕಿಂತ ಅಗ್ಗವಾಗಿಯೇ ಸಿಗುತ್ತದೆ. ಬೆಂಗಳೂರಿನಲ್ಲಿ ರೈಲ್ವೆ ನಿಲ್ದಾಣದ ಬಾಗಿಲಲ್ಲಿ ಸುತ್ತುವರಿಯುವ ಆಟೋಗಳನ್ನು ಬಿಟ್ಟು ಮುಖ್ಯರಸ್ತೆಗೆ ನಡೆದು ಹೋಗಿ ಆಟೋ ಹಿಡಿದವರಿಗೆ ಈ ಲೆಕ್ಕಾಚಾರವನ್ನು ವಿವರಿಸಬೇಕಾಗಿಲ್ಲ. ಕಾಬೊದಲ್ಲಂತೂ ಹಡಗು ಸಮುದ್ರದಲ್ಲೇ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ನೇರವಾಗಿ ಊರ ನಡುವಿನ ಮರೀನಾಕ್ಕೆ ತಂದಿಳಿಸುವುದರಿಂದ ಊರು ನೋಡಲಷ್ಟೇ ಬಂದವರಿಗೆ ಟ್ಯಾಕ್ಸಿಯ ಅಗತ್ಯವೇ ಬೀಳುವುದಿಲ್ಲ.

ಮಜಟ್ಲಾನ್‌ನ ಆಕರ್ಷಣೆ 'ಪುಲ್ಮೊನಿಯಾ' ಎಂಬ, ಬಾಗಿಲು ಕಿಟಕಿಗಳಿಲ್ಲದ ತೆರೆದ ಟ್ಯಾಕ್ಸಿ. 1960ರ ದಶಕದಿಂದ ಓಡುತ್ತಿರುವ ಈ ಗಾಡಿಗಳಿಗೆ ಮೀಟರ್ ಇಲ್ಲ. ಹತ್ತುವ ಮುನ್ನವೇ ಬಾಡಿಗೆ ಮಾತಾಡಬೇಕು. ಮಾತಾಡುವಾಗ ಎರಡು ಸಂಗತಿಗಳು ಇತ್ಯರ್ಥವಾಗದೆ ಕಾಲಿಡಬಾರದು: ಹೇಳಿದ ಮೊತ್ತ ಒಬ್ಬರಿಗೋ ಎಲ್ಲರಿಗೂ ಸೇರಿಯೋ, ಮತ್ತು ಅದು ಡಾಲರೋ ಪೆಸೊವೋ. ಪೆಸೊಗೂ ಡಾಲರಿಗೂ ಬರೆಯುವ ಚಿಹ್ನೆ ಒಂದೇ ಆಗಿರುವುದರಿಂದ ಫಲಕದ ಮೇಲಿನ ಅಂಕಿಯನ್ನು ನೋಡಿ ಏನನ್ನೂ ತೀರ್ಮಾನಿಸುವಂತಿಲ್ಲ. 'ಪಾರಾ ತೋದೊಸ್, ಎನ್ ಪೆಸೊಸ್', ಅಂದರೆ ಎಲ್ಲರಿಗೂ ಸೇರಿ, ಪೆಸೊಗಳಲ್ಲಿ, ಎಂಬ ನಾಲ್ಕು ಸ್ಪ್ಯಾನಿಷ್ ಪದಗಳು ಮುಂದಿನ ಜಗಳವನ್ನೆಲ್ಲ ತಪ್ಪಿಸುತ್ತವೆ. ಇನ್ನು ಹಳೆಯ ಪೇಟೆಗೆ ನಡೆದೇ ಹೋಗಬಯಸುವವರಿಗಾಗಿ ಬಂದರಿನಿಂದ ನೆಲದ ಮೇಲೆ ನೀಲಿ ಗೆರೆಯನ್ನೇ ಎಳೆದಿದ್ದಾರೆ. ಕೆರಿಬಿಯನ್ ಬದಿಯ ಕೊಜುಮೆಲ್ ದ್ವೀಪದ ರೀತಿ ಬೇರೆ: ಅಲ್ಲಿ ವಲಯವಾರು ದರಪಟ್ಟಿ ನಿಗದಿಯಾಗಿರುತ್ತದೆ, ಟ್ಯಾಕ್ಸಿ ಸಂಘದ ಹಿಡಿತವೂ ಬಿಗಿಯಾಗಿದೆ. ಪಟ್ಟಿಯನ್ನು ಓದಿಕೊಂಡು ಹತ್ತುವುದಷ್ಟೇ ಅಲ್ಲಿ ಉಳಿದಿರುವ ಕೆಲಸ.

ಪೆಸೊಗಳಲ್ಲಿ ಕೊಡುವುದೇ ಲೇಸು, ಏಕೆಂದರೆ ಡಾಲರ್ ಕೊಟ್ಟರೆ ಅಂಗಡಿಯವನು ತನಗೆ ಅನುಕೂಲವಾದ ವಿನಿಮಯ ದರವನ್ನೇ ಹಿಡಿಯುತ್ತಾನೆ. ಆದರೆ ನೋಟು ಎಣಿಸುವಾಗ ಎಚ್ಚರ ಬೇಕು. 2018ರಲ್ಲಿ ಬಂದ 500 ಪೆಸೊ ನೋಟೂ ಹಳೆಯ 20ರ ನೋಟೂ ನೀಲಿಯೇ, ಎರಡರ ಮೇಲೂ ಇರುವುದು ಬೆನಿತೊ ಹುವಾರೆಸ್ ಅವರದೇ ಮುಖ.

ಇನ್ನು ಕೊಳ್ಳುವ ವಸ್ತುಗಳ ವಿಚಾರ. ಹಡಗಿನೊಳಗೇ 'ಶಾಪಿಂಗ್ ಮಾರ್ಗದರ್ಶನ'ದ ಉಪನ್ಯಾಸಗಳು ನಡೆಯುತ್ತವೆ, ಶಿಫಾರಸು ಮಾಡಿದ ಅಂಗಡಿಗಳ ನಕ್ಷೆಯನ್ನೂ ಕೈಗೆ ಕೊಡುತ್ತಾರೆ. ಆ ನಕ್ಷೆಯಲ್ಲಿ ಸ್ಥಾನ ಪಡೆಯಲು ಅಂಗಡಿಗಳು ಹಣ ತೆರುತ್ತವೆ ಎಂಬುದು ಗುಟ್ಟೇನಲ್ಲ. ಅದನ್ನು ಜಾಹೀರಾತು ಎಂದೇ ಓದಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಮರುಳಾಗುವುದು ವೆನಿಲಾದ ಬಾಟಲಿಗೆ. ಸಂತೆಯ ಅಂಗಡಿಗಳಲ್ಲಿ ನೀರಿನ ಶೀಷೆಯಷ್ಟು ದೊಡ್ಡ ಬಾಟಲಿಗಳು ಕೆಲವೇ ಡಾಲರುಗಳಿಗೆ ಸಿಗುತ್ತವೆ, 'ಪುರಾ ವೈನಿಯಾ', ಅಂದರೆ ಶುದ್ಧ ವೆನಿಲಾ, ಎಂಬ ಚೀಟಿಯೂ ಅಂಟಿರುತ್ತದೆ. ವೆನಿಲಾದ ತವರು ಮೆಕ್ಸಿಕೊ ಎಂಬುದು ನಿಜ. ವೆರಾಕ್ರೂಸ್ ರಾಜ್ಯದ ಪಪಾಂತ್ಲಾ ಸುತ್ತಮುತ್ತ ತೊತೊನಾಕ್ ಜನ ಅದನ್ನು ಶತಮಾನಗಳಿಂದ ಬೆಳೆದಿದ್ದಾರೆ. ಆದರೆ ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟದ ನಡುವೆ ವೆನಿಲಾ ಬಳ್ಳಿ ಹಬ್ಬಿಸಿದ್ದವರನ್ನು ಕೇಳಿ ನೋಡಿ. ಹೂವು ಅರಳುವ ಬೆಳಗಿನ ಕೆಲವೇ ಗಂಟೆಗಳಲ್ಲಿ ಒಂದೊಂದು ಹೂವನ್ನೂ ಕೈಯಿಂದಲೇ ಪರಾಗಸ್ಪರ್ಶ ಮಾಡಿ, ಕಾಯಿ ಬಲಿಯಲು ತಿಂಗಳುಗಟ್ಟಲೆ ಕಾದು, ಆಮೇಲೆ ಬಾಡಿಸಿ, ಬೆವರಿಸಿ, ಒಣಗಿಸಿ ಹದ ಮಾಡಿದ ಕೋಡಿನ ಸಾರ ಆ ಬೆಲೆಗೆ ಅಷ್ಟು ಪ್ರಮಾಣದಲ್ಲಿ ಬರಲು ಸಾಧ್ಯವೇ ಎಂದು ಅವರು ನಕ್ಕುಬಿಡುತ್ತಾರೆ. ಅದು ವೆನಿಲಾದ ಪರಿಮಳ ಕೊಡುವ ಕೃತಕ ವೆನಿಲಿನ್; ಕೆಲವು ಬಾಟಲಿಗಳಲ್ಲಿ ಕೂಮರಿನ್ ಎಂಬ ವಸ್ತುವೂ ಇರಬಹುದು, ಅದನ್ನು ಆಹಾರದಲ್ಲಿ ಬಳಸುವುದನ್ನು ಅಮೆರಿಕ 1954ರಲ್ಲೇ ನಿಷೇಧಿಸಿದೆ. ಇಂಥ ಬಾಟಲಿಯನ್ನು ಹತ್ತು ಡಾಲರಿನಿಂದ ಆರಕ್ಕೆ ಇಳಿಸಿದೆನೆಂದು ಬೀಗುವುದಕ್ಕಿಂತ ಅದನ್ನು ಮುಟ್ಟದೆ ಮುಂದೆ ಹೋಗುವುದೇ ಒಳ್ಳೆಯದು.

ಬೆಳ್ಳಿಯ ವಿಷಯದಲ್ಲಿ ನಮ್ಮ ಹೆಂಗಸರ ಕಣ್ಣು ಬಹಳ ಉಪಯೋಗಕ್ಕೆ ಬರುತ್ತದೆ. '925' ಎಂಬ ಮುದ್ರೆ ಇರುವುದು ಅಸಲಿ ಬೆಳ್ಳಿ ಎಂದು ಮಾರಾಟಗಾರರು ತೋರಿಸುತ್ತಾರಾದರೂ ಮುದ್ರೆ ಒತ್ತುವುದು ಕಷ್ಟದ ಕೆಲಸವಲ್ಲ. ಅಲ್ಲಿ 'ಅಲ್ಪಾಕಾ' ಎಂದು ಮಾರುವ ಲೋಹ ನಮ್ಮ ಪೂಜಾ ಸಾಮಗ್ರಿ ಅಂಗಡಿಗಳ ಜರ್ಮನ್ ಸಿಲ್ವರೇ: ತಾಮ್ರ, ನಿಕಲ್, ಸತುಗಳ ಮಿಶ್ರಣ, ಬೆಳ್ಳಿಯ ಅಂಶವೇ ಇಲ್ಲ. ಅಯಸ್ಕಾಂತ ಹಿಡಿದು ಪರೀಕ್ಷಿಸುವವರು ಗಮನಿಸಬೇಕು, ಬೆಳ್ಳಿಯಂತೆ ಅಲ್ಪಾಕಾ ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ತೂಕ ಹಾಕಿ ರಸೀದಿ ಕೊಡುವ ಅಂಗಡಿಯಲ್ಲಿ ನಾಲ್ಕು ಕಾಸು ಹೆಚ್ಚು ತೆತ್ತರೂ ನಷ್ಟವಿಲ್ಲ.

ನಾನು ಚೌಕಾಸಿಯನ್ನು ಪೂರ್ತಿ ನಿಲ್ಲಿಸಿಬಿಡುವುದು ಒಂದೇ ಕಡೆ. ವಯಾರ್ಟಾದಲ್ಲಿ ವಿಶಾರಿಕಾ ಜನಾಂಗದವರು, ಹೊರಗಿನವರು ಹುಯಿಚೋಲ್ ಎಂದು ಕರೆಯುವವರು, ತಾವೇ ಮಾಡಿದ ಮಣಿಗೆಲಸವನ್ನು ಮಾರುತ್ತಾರೆ. ಮರದ ಜಿಂಕೆಗೋ ಸೋರೆಬುರುಡೆಗೋ ಜೇನುಮೇಣ ಬಳಿದು, ಸಾಸಿವೆಯಷ್ಟು ಚಿಕ್ಕ ಗಾಜಿನ ಮಣಿಗಳನ್ನು ಒಂದೊಂದಾಗಿ ಒತ್ತಿ ಕೂರಿಸುವ ಕೆಲಸವದು. ಮೆಕ್ಸಿಕೊದಲ್ಲಿ 2025ರಲ್ಲಿ ಸಾಮಾನ್ಯ ಕನಿಷ್ಠ ಕೂಲಿ ದಿನಕ್ಕೆ 278.80 ಪೆಸೊ ಇತ್ತು, ಅಂದರೆ ಹದಿನೈದು ಡಾಲರಿನ ಆಸುಪಾಸು. ಹಲವು ದಿನಗಳ ಇಂಥ ದುಡಿಮೆಯ ಮುಂದೆ ನಿಂತು, ಹಡಗಿನಲ್ಲಿ ಒಂದು ಲೋಟ ಪಾನೀಯಕ್ಕೆ ಮರುಮಾತಿಲ್ಲದೆ ಹದಿನೈದು ಡಾಲರ್ ಕೊಟ್ಟು ಬಂದವರು ಐದು ಡಾಲರ್ ಕಡಿಮೆ ಮಾಡೆಂದು ಪೀಡಿಸುವುದು ನನಗಂತೂ ಅಸಹ್ಯವೆನಿಸುತ್ತದೆ. ಸಂತೆಯಲ್ಲಿ ಚೌಕಾಸಿ ನಡೆಯುತ್ತದೆ, ಎಲ್ಲ ಅಂಗಡಿಗಳಲ್ಲೂ ಅದೇ ಅಚ್ಚಿನಲ್ಲಿ ಕಾಣುವ ಟೀಶರ್ಟು, ಟೋಪಿ, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆಗಳಿಗೆ ಎಷ್ಟು ಬೇಕಾದರೂ ಎಳೆದಾಡಿ, ಅವರೂ ಅದನ್ನು ಲೆಕ್ಕಹಾಕಿಯೇ ಬೆಲೆ ಕೂಗಿರುತ್ತಾರೆ. ಅದೇ ಮಾತನ್ನು ಕೈಕೆಲಸಕ್ಕೂ ಅನ್ವಯಿಸಿ 'ಮೂರನೇ ಒಂದು ಭಾಗಕ್ಕೆ ಕೇಳಿ' ಎಂದು ಉಪದೇಶಿಸುವವರ ಮಾತಿಗೆ ಕಿವಿಗೊಡಬೇಡಿ.

ಮರಳುವ ಹೊತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಚಳಿಗಾಲದಲ್ಲಿ ವಯಾರ್ಟಾದ ಗಡಿಯಾರ ಲಾಸ್ ಏಂಜಲೀಸ್‌ಗಿಂತ ಎರಡು ಗಂಟೆ ಮುಂದಿರುತ್ತದೆ. ಹಡಗು ತನ್ನ ಸಮಯವನ್ನು ಊರಿನ ಸಮಯಕ್ಕೆ ಹೊಂದಿಸಿಕೊಂಡಿದೆಯೋ ಇಲ್ಲವೋ ಎಂಬುದನ್ನು ಇಳಿಯುವಾಗಲೇ ಕೇಳಿ ತಿಳಿದುಕೊಳ್ಳಿ, ಮೊಬೈಲ್ ತಾನಾಗಿ ಬದಲಿಸಿಕೊಂಡ ಸಮಯವನ್ನು ನಂಬಬೇಡಿ. ಸಂಜೆ ಬಸ್ಸುಗಳು ವಾಹನ ದಟ್ಟಣೆಯಲ್ಲಿ ತೆವಳುತ್ತವೆ. ಹೋಗುವಾಗ ಬಸ್ಸು, ಬರುವಾಗ ಟ್ಯಾಕ್ಸಿ ಎಂಬುದು ನಮ್ಮ ಮನೆಯವರ ಪದ್ಧತಿ. ಆ ಟ್ಯಾಕ್ಸಿಯನ್ನೂ ಹಡಗು ಹೊರಡಲು ಎರಡು ಗಂಟೆ ಇರುವಾಗಲೇ ಹಿಡಿಯುತ್ತೇವೆ, ಏಕೆಂದರೆ ಗಡಿಯಾರ ನೋಡುತ್ತಾ ಓಡಿ ಬರುವ ಪ್ರಯಾಣಿಕನಿಗೆ ಬಾಡಿಗೆ ಇಳಿಸುವ ಚಾಲಕ ಯಾವ ಬಂದರಿನಲ್ಲೂ ಸಿಗುವುದಿಲ್ಲ.