ಪಟ್ಟು ಸರಿ, ಎಡವಿದ್ದು ಕೊನೆಯಲ್ಲಿ
ಡೆಮಾಕ್ರಟರು ಬರೀ ಹಠಕ್ಕೆ ಬಿದ್ದು 2025ರಲ್ಲಿ ಅಮೆರಿಕ ಸರ್ಕಾರವನ್ನು 43 ದಿನ ಮುಚ್ಚಿಸಿದರು (ಅಂದರೆ ಖರ್ಚಿಗೆ ಒಪ್ಪಿಗೆ ಸಿಗದೆ ಸರ್ಕಾರಿ ಕೆಲಸ ನಿಂತಿತು) ಎಂದು ಲೇಖನವೊಂದರಲ್ಲಿ ಓದಿದೆ. ಲೇಖಕರ ಆ ವಾದ ಒಪ್ಪಲಾರೆ. ಸೆನೆಟ್‌ನಲ್ಲಿ ಖರ್ಚಿನ ಮಸೂದೆ ಮುಂದೆ ಸಾಗಲು 60 ಮತ ಬೇಕು; ರಿಪಬ್ಲಿಕನ್ನರ ಬಳಿ ಇದ್ದದ್ದು 53. ಎರಡೂ ಸದನ, ಶ್ವೇತಭವನ ಎಲ್ಲ ಕಳೆದುಕೊಂಡ ಪಕ್ಷಕ್ಕೆ ಉಳಿದಿದ್ದ ಅಸ್ತ್ರ, ಮತ ಕೊಡದೆ ತಡೆಯುವುದೊಂದೇ. 2025ರ ಮಾರ್ಚ್‌ನಲ್ಲಿ ಸೆನೆಟ್‌ನ ಡೆಮಾಕ್ರಟ್ ನಾಯಕ ಷೂಮರ್ ಅದನ್ನೂ ಕೆಳಗಿಟ್ಟು ಸ್ವಪಕ್ಷದವರಿಂದಲೇ ಉಗಿಸಿಕೊಂಡಿದ್ದರು. ಅಕ್ಟೋಬರ್‌ನಲ್ಲಿ ಮತ್ತೆ ಬಗ್ಗುವ ಹಾಗಿರಲಿಲ್ಲ.

ಆರೋಗ್ಯ ವಿಮೆಯ ಸಬ್ಸಿಡಿ ಮುಂದುವರಿಸಿ ಎಂಬ ಬೇಡಿಕೆ ಮುಂದಿಟ್ಟದ್ದಂತೂ ಜಾಣತನವೇ. 2013ರಲ್ಲಿ ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನಾದ ಒಬಾಮಾಕೇರ್‌ಗೆ ದುಡ್ಡು ನಿಲ್ಲಿಸಿ ಎಂದು ಹೀಗೇ ಸರ್ಕಾರ ಮುಚ್ಚಿಸಿದ ರಿಪಬ್ಲಿಕನ್ನರು 16 ದಿನಕ್ಕೆ ಹೆಚ್ಚುಕಮ್ಮಿ ಬರಿಗೈಲಿ ವಾಪಸಾದರು. ಡೆಮಾಕ್ರಟರು ಕೇಳಿದ್ದು ಈಗಾಗಲೇ ಜನರಿಗೆ ಸಿಗುತ್ತಿರುವುದನ್ನು ಮುಂದುವರಿಸಿ ಅಂತ. ಎರಡಕ್ಕೂ ತುಂಬಾ ವ್ಯತ್ಯಾಸವಿದೆ ಸ್ವಾಮಿ.

ಆದರೆ ನವೆಂಬರ್‌ನಲ್ಲಿ ಅವರದೇ ಬಣದ 8 ಸೆನೆಟರ್‌ಗಳು ಸರ್ಕಾರ ತೆರೆಯಲು ರಿಪಬ್ಲಿಕನ್ನರ ಜೊತೆ ಮತ ಹಾಕಿದರು. ಸರ್ಕಾರ ಮುಚ್ಚಿದ್ದಾಗ ವಜಾಗೊಂಡ ನೌಕರರ ಮರುನೇಮಕ ಬಿಟ್ಟರೆ ಮುಖ್ಯವಾಗಿ ಸಿಕ್ಕಿದ್ದು, ಸಬ್ಸಿಡಿಯನ್ನು ಡಿಸೆಂಬರ್‌ನಲ್ಲಿ ಮತಕ್ಕೆ ಹಾಕುತ್ತೇವೆಂಬ ಭರವಸೆ. (ಹಾಕಿದರು, ಬಿದ್ದೂ ಹೋಯಿತು.) ಆ 8 ಮಂದಿಯಲ್ಲಿ ಒಬ್ಬರೂ 2026ರಲ್ಲಿ ಮತದಾರರ ಮುಂದೆ ಹೋಗಬೇಕಾದವರಲ್ಲ ಅನ್ನೋದನ್ನು ಲೇಖನ ಯಾಕೆ ಬಿಟ್ಟಿತೋ ಗೊತ್ತಿಲ್ಲ. ಕಾಕತಾಳೀಯ ಅಂತ ನನಗಂತೂ ಅನಿಸುವುದಿಲ್ಲ.