ಕಿರಾಣಿ ಚೀಟಿಯೊಳಗೆ ಕಾಳು ಮೊದಲು ಬರೆಯಿರಿ

ಕೈ ಬಿಗಿ ಇದ್ದ ತಿಂಗಳು ನಮ್ಮ ಕಡೆ ಮನೆಗಳಲ್ಲಿ ಕಿರಾಣಿ ಚೀಟಿ ಹೇಗೆ ಬರೆಯುತ್ತಾರೆ ನೋಡಿರಿ. ಸಕ್ಕರಿ, ಚಹಾಪುಡಿ, ಎಣ್ಣಿ, ಸಾಬೂನು ಮೊದಲು ಬರುತ್ತವೆ. ಕಾಳು-ಬ್ಯಾಳಿಗೆ ಬರುವಷ್ಟರಲ್ಲಿ ಲೆಕ್ಕ ಮೀರಿರುತ್ತದೆ. ಎರಡು ಕಿಲೊ ಹೆಸರು ಒಂದಾಗುತ್ತದೆ, ಒಂದು ಕಿಲೊ ತೊಗರಿಬ್ಯಾಳಿ ಅರ್ಧ ಆಗುತ್ತದೆ. ಬಿಸ್ಕೀಟು ಮಾತ್ರ ಹಾಗೇ ಉಳಿಯುತ್ತದೆ. ಇದನ್ನು ತಿರುವಿ ಹಾಕಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ.

"ಚಲೋ ಉಣ್ಣಾಕ ರೊಕ್ಕ ಬೇಕ್ರೀ ಅಕ್ಕಾರ" ಅನ್ನುತ್ತಾರೆ. ಅವರ ಕಣ್ಣ ಮುಂದೆ ಇರುವುದು ಬದಾಮಿ, ಓಟ್ಸ್, ಡಬ್ಬಿಯೊಳಗಿನ ಪ್ರೋಟೀನ್ ಪುಡಿ. ಬದಾಮಿಗಿಂತ ಶೇಂಗಾದಲ್ಲಿ ಪ್ರೋಟೀನ್ ಕಡಿಮೆ ಏನಿಲ್ಲ. ನೂರು ಗ್ರಾಂ ಹುರಳಿಯಲ್ಲಿ, ಹೆಸರಿನಲ್ಲಿ 22 ಗ್ರಾಂ ಹತ್ತಿರ ಪ್ರೋಟೀನ್ ಇದೆ, ಜೋಳದಲ್ಲಿ ಸುಮಾರು 10. ಅರವತ್ತು ಕಿಲೊ ತೂಕದವರಿಗೆ ದಿನಕ್ಕೆ ಬೇಕಾಗಿದ್ದು 50 ಗ್ರಾಂ. ಮೂರು ಜೋಳದ ರೊಟ್ಟಿ, ಒಂದು ಬಟ್ಟಲು ಕಾಳಪಲ್ಯ, ಒಂದು ಹಿಡಿ ಶೇಂಗಾ ಅಥವಾ ಶೇಂಗಾ ಹಿಂಡಿ (ಚಟ್ನಿಪುಡಿ), ಸ್ವಲ್ಪ ಅನ್ನ, ಮೊಸರು ಇಷ್ಟಾದರೆ ಅದರ ಹತ್ತಿರ ಬಂದೇ ಬಿಟ್ಟಿರಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ಊಟಕ್ಕೆ ದಿನಕ್ಕೆ 85 ಗ್ರಾಂ ಕಾಳು-ಬ್ಯಾಳಿ, ಇಲ್ಲವೇ ಅದರ ಬದಲು ತತ್ತಿ, ಮೀನು, ಮಾಂಸ ಇರಲಿ ಎಂದಿದೆ. ತತ್ತಿ, ಮೀನು, ಮಾಂಸ ತಿನ್ನದ ನಾಲ್ಕು ಮಂದಿಯ ಮನೆಗೆ ಲೆಕ್ಕ ಹಾಕಿದರೆ ತಿಂಗಳಿಗೆ 10 ಕಿಲೊ ಆಯಿತು. ಸಣ್ಣ ಮಕ್ಕಳಿದ್ದರೆ ಏಳೆಂಟು ಅನ್ನಿ. ನಿಮ್ಮ ಹೋದ ತಿಂಗಳ ಚೀಟಿ ಇನ್ನೂ ಇದ್ದರೆ ತೆಗೆದು ಕೂಡಿಸಿ ನೋಡಿರಿ. ಬಹಳ ಮನೆಗಳಲ್ಲಿ ಅದರ ಅರ್ಧವೂ ಇರುವುದಿಲ್ಲ.

ರೇಷನ್ ಅಕ್ಕಿ ಎಷ್ಟೋ ಮನೆಗಳಿಂದ ಹಸಿವನ್ನು ದೂರ ಇಟ್ಟಿದೆ. ಅದನ್ನು ಹೀಗಳೆಯುವವರ ಮಾತು ನನಗೆ ಸೇರುವುದಿಲ್ಲ. ಆದರೆ ಪುಕ್ಕಟೆ ಬಂತು ಅಂತ ಎರಡೂ ಹೊತ್ತು ತಾಟಿನ ತುಂಬ ಅನ್ನ, ಮೇಲೆ ತೆಳ್ಳನೆ ಸಾರು ಆಗಿಬಿಟ್ಟಿದೆ. ಅಕ್ಕಿಯಿಂದ ಉಳಿದ ರೊಕ್ಕ ಕಾಳಿಗೆ ಹೋಗಬೇಕಿತ್ತು.

ನಾವಿರುವ ಊರಿನ ಸುತ್ತ ಎಂಥ ನೆಲ ಇದೆ! ನವಲಗುಂದ, ನರಗುಂದ, ಗದಗಿನ ಎರಿ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ, ಬಿಳಿಜೋಳ. ಹೆಸರಿನ ರಾಶಿ ಶ್ರಾವಣ-ಭಾದ್ರಪದದ ಹೊತ್ತಿಗೆ, ಕಡಲಿಯದು ಶಿವರಾತ್ರಿಯ ಆಚೀಚೆ. ಆಗ ನಾಲ್ಕು ಮನೆಯವರು ಕೂಡಿ ಒಂದು ಚೀಲ ತಂದು ಹಂಚಿಕೊಂಡರೆ ಅಂಗಡಿಯ ಪಾಕೀಟಿಗಿಂತ ಅಗ್ಗ ಬೀಳುತ್ತದೆ. ಚೆನ್ನಾಗಿ ಬಿಸಿಲಿಗೆ ಹಾಕಿ, ಬೇವಿನ ಎಲಿ ಇಟ್ಟು ಡಬ್ಬಿ ಬಿಗಿ ಮಾಡಿದರೆ ನುಸಿ ಹತ್ತುವ ಭಯ ಕಡಿಮೆ. ಜೋಳದ ಮಾತು ಬೇರೆ. 2023ರ ಬರದ ಮೇಲೆ ಅದರ ದರ ಹೇಗೆ ಏರಿತೆಂದು ಎಲ್ಲರೂ ಕಂಡಿದ್ದೇವೆ. ತುಟ್ಟಿ ಆದಾಗ ಒಂದು ಹೊತ್ತಿನ ರೊಟ್ಟಿಯನ್ನಾದರೂ ಉಳಿಸಿಕೊಳ್ಳಿರಿ.

ತಪ್ಪಲಕ್ಕೆ, ಅಂದರೆ ಸೊಪ್ಪಿಗೆ, ಗ್ಯಾಸೂ ಬೇಡ. ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲ ತೊಳೆದು ರೊಟ್ಟಿ ಜೊತೆ ಹಸಿದೇ ತಿನ್ನುವುದು ನಮ್ಮ ರೂಢಿ. ಜನತಾ ಬಜಾರದ ಕಾಯಿಪಲ್ಯ ಮಾರುಕಟ್ಟೆಗೆ ಮುಂಜಾನೆ ಹೋಗುವುದಕ್ಕಿಂತ ಸಂಜೆ ತಪ್ಪಲ ಮಾರುವ ಹೆಣ್ಣುಮಕ್ಕಳು ಬುಟ್ಟಿ ಖಾಲಿ ಮಾಡುವ ಹೊತ್ತಿಗೆ ಹೋದರೆ ಒಂದರ ರೊಕ್ಕಕ್ಕೆ ಎರಡು ಸೂಡು ಸಿಗುತ್ತವೆ. ಆದರೆ ಕೈ ಹಾಕಿ ಜಗ್ಗಾಡಿ ಚೌಕಾಶಿ ಮಾಡಬೇಡಿ, ಮಾರುವಾಕೆಯದೂ ಹೊಟ್ಟೆಪಾಡೇ. ಪುಂಡಿಪಲ್ಯಕ್ಕೆ ಒಂದು ಹಿಡಿ ಜೋಳದ ನುಚ್ಚು, ಒಂದು ಹಿಡಿ ಬ್ಯಾಳಿ ಹಾಕಿದರೆ ಎರಡು ಹೊತ್ತಿಗೆ ಆಗುತ್ತದೆ, ಎರಡನೇ ಹೊತ್ತಿಗೆ ರುಚಿ ಇನ್ನೂ ಹೆಚ್ಚು.

ದುಡಿದು ಬರುವ ಹೆಣ್ಣುಮಕ್ಕಳಿಗೆ ರೊಕ್ಕದಷ್ಟೇ ಹೊತ್ತಿನ ಬಡತನವೂ ಇದೆ ಅಂತ ನನಗೆ ಗೊತ್ತು. ಮಂದಿಯ ಮನೆಗೆಲಸ ಮುಗಿಸಿ ರಾತ್ರಿ ಎಂಟಕ್ಕೆ ಬಂದವಳಿಗೆ ರೊಟ್ಟಿ ಬಡಿ, ಮಡಕಿಕಾಳು ಕುದಿಸು ಅಂತ ಉಪದೇಶ ಮಾಡುವುದು ಸುಲಭ. ಮುಂಜಾನೆ ಹೋಗುವಾಗ ಕಾಳು ನೆನೆ ಹಾಕಿದರೆ ರಾತ್ರಿ ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ನೆನೆ ಹಾಕುವ ಕೆಲಸ ಗಂಡಸರೂ ಮಾಡಬಹುದು. ರೊಟ್ಟಿಯನ್ನು ಓಣಿಯಲ್ಲಿ ಬಡಿದು ಮಾರುವವರಿಂದ ಕೊಂಡರೆ ತಪ್ಪಿಲ್ಲ. ನೂಡಲ್ಸ್ ಪಾಕೀಟಿಗೆ ಕೊಡುವ ರೊಕ್ಕ ಅವರಿಗೆ ಹೋಗಲಿ.

ಹಾಲು, ತತ್ತಿ, ಹಣ್ಣು ನಿಜವಾಗಿಯೂ ತುಟ್ಟಿ. ಇವು ಬೇಡವೇ ಬೇಡ ಅಂತ ನಾನು ಹೇಳಲಾರೆ. ಸಾಲಿಯಲ್ಲಿ ಕೊಡುವ ತತ್ತಿಯನ್ನು ಮಕ್ಕಳಿಗೆ ತಿನ್ನಲು ಬಿಡಿರಿ. ಮನೆಯಲ್ಲಿ ತಿನ್ನದವರು ಬಾಳೆಹಣ್ಣು ಕೊಡಿಸಬಹುದು, ಆದರೆ ಎರಡೂ ಸಮ ಅಲ್ಲ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಾಳು-ತಪ್ಪಲದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ ಆಗುತ್ತದೆ, ಲಿಂಬಿಹಣ್ಣು ಹಿಂಡಿದರೆ ಹೆಚ್ಚುತ್ತದೆ. ಇದನ್ನು ಹೇಳಬಹುದು. ಆದರೆ ಗಂಡ, ಅತ್ತಿ-ಮಾವ, ಮಕ್ಕಳು ಎಲ್ಲ ಉಂಡಾದ ಮೇಲೆ ಬೋಗುಣಿಯಲ್ಲಿ ಕಾಳೇ ಉಳಿದಿಲ್ಲ ಅಂದರೆ ಲಿಂಬಿಹಣ್ಣು ಎಲ್ಲಿ ಹಿಂಡುವುದು? "ನನಗ ಉಪ್ಪಿನಕಾಯಿ ಸಾಕು ಬಿಡ್ರಿ" ಅಂತ ಆಕೆ ಅಂದಾಗ ಯಾರೂ ತಾಟಿನಿಂದ ತಲೆ ಎತ್ತುವುದಿಲ್ಲ. ಮನೆಗೆ ಕಾಳು ಎಷ್ಟು ತಂದರೂ ಅದು ಆಕೆಯ ಹೊಟ್ಟೆಗೆ ಹೋಗುವುದು ಬೇರೆಯದೇ ಲೆಕ್ಕ. ಒಲಿಯಿಂದ ಇಳಿಸಿದ ಕೂಡಲೇ ಮೊದಲು ಒಂದು ಬಟ್ಟಲು ಆಕೆಗೆ ತೆಗೆದಿಟ್ಟು, ಆಮೇಲೆ ಉಳಿದವರಿಗೆ ಬಡಿಸಿರಿ.